ಯಾರ ಇನ್ಸುಲಿನ್

ಮನೆಯಲ್ಲಿ ರಜೆ ಮುಗಿಸಿ ಒಮಾನಿನ ದೂರದ ದುಕ್ಮ್‌ಗೆ ಹೋದ ಮಾರನೆಯ ಬೆಳಿಗ್ಗೆ ನನ್ನ ಗಂಡ ಕೆಲಸದ ಜಾಗದಲ್ಲೇ ಬಿದ್ದರು. ಕ್ಯಾಂಪಿನ ಕ್ಲಿನಿಕ್‌ನಲ್ಲಿ ನೋಡಿದರೆ ಶುಗರ್ ಪಾತಾಳಕ್ಕಿಳಿದಿತ್ತು. ಇವರಿಗೆ ಸಕ್ಕರೆ ಕಾಯಿಲೆ ಇಲ್ಲ. ಇರುವುದು ನನಗೆ. ಮಸ್ಕತ್ತಿನ ಹತ್ತಿರದ ಅಲ್ ಅಮೇರಾತ್‌ನ ನಮ್ಮ ಮನೆಯ ಫ್ರಿಜ್ಜಿನಲ್ಲಿ, ಮೊಸರಿನ ಪಕ್ಕ ಇರುವ ಇನ್ಸುಲಿನ್ ಪೆನ್ನುಗಳು ನನ್ನವು.

ಆಗಲೇ ತೆಗೆದ ರಕ್ತವನ್ನು ಮಸ್ಕತ್ತಿನ ಆಸ್ಪತ್ರೆಗೆ ಕಳಿಸಬೇಕಿತ್ತು. ಕ್ಲಿನಿಕ್‌ನ ಗಾಡಿ ಬರುವುದು ತಡ. ಗಲ್ಫಿನಲ್ಲಿ ನಾವು ಗಾಡಿಗೆ ಕಾಯುವವರಲ್ಲ. ಉಪ್ಪಿನಕಾಯಿ, ಪಾಸ್‌ಪೋರ್ಟ್, ಮದುವೆ ಸೀರೆ, ಎಲ್ಲವೂ ಹೋಗುವವರ ಕೈಯಲ್ಲೇ ಹೋಗುತ್ತವೆ. ಗ್ಲೂಕೋಸ್ ಏರಿಸಿದ ಮೇಲೆ ಎಚ್ಚರಗೊಂಡ ಇವರೇ ಹೇಳಿ, ಕಂಪೆನಿ ಬಸ್ಸಿನ ನಮ್ಮೂರಿನ ಡ್ರೈವರ್ ಕೈಗೆ ಅದನ್ನು ಕೊಡಿಸಿದರು. ಅವನು ಪಾಪ, ಕಣ್ಣೆದುರಿಗೇ ಇರಲಿ ಎಂದು ಡ್ಯಾಶ್‌ಬೋರ್ಡ್ ಮೇಲಿಟ್ಟುಕೊಂಡು ಬಂದ. ಆ ಬಿಸಿಲಿನಲ್ಲಿ.

ಇವರು ಮಸ್ಕತ್ತಿಗೆ ಬಂದು ಆಸ್ಪತ್ರೆಯಲ್ಲಿ ತೋರಿಸಿಕೊಂಡಾಗ, ರಿಪೋರ್ಟಿನಲ್ಲಿ ಇನ್ಸುಲಿನ್ ವಿಪರೀತ, ಸಿ-ಪೆಪ್ಟೈಡ್ ಇಲ್ಲವೆನ್ನುವಷ್ಟು ಕಡಿಮೆ. ದೇಹ ತಾನೇ ಇನ್ಸುಲಿನ್ ಮಾಡಿದರೆ ಜೊತೆಗೆ ಸಿ-ಪೆಪ್ಟೈಡ್ ಕೂಡ ಹುಟ್ಟುತ್ತದಂತೆ. ಅದು ಇಲ್ಲವೆಂದರೆ ಇನ್ಸುಲಿನ್ ಹೊರಗಿನಿಂದ ಬಂದದ್ದು.

“ಮನೆಯಲ್ಲಿ ಇನ್ಸುಲಿನ್ ಯಾರು ತೆಗೆದುಕೊಳ್ಳುತ್ತಾರೆ?” ಎಂದು ಡಾಕ್ಟರ್ ಕೇಳಿದರು.

“ನಾನು” ಎಂದೆ.

ಜೊತೆಗೆ ಬಂದಿದ್ದ ಇವರ ಅಣ್ಣ ನೆಲ ನೋಡಿದರು. ಮಸ್ಕತ್ತಿನ ಮತ್ರಾದಲ್ಲಿ ಬಟ್ಟೆ ಅಂಗಡಿ ಇರುವ ನನ್ನ ಭಾವ ಅವರು. ಹೊರಗೆ ಬಂದ ಮೇಲೆ, “ಸ್ವಲ್ಪ ದಿವಸ ಅವ ನಮ್ಮಲ್ಲಿರ್ಲಿ. ನೀನು ಬೇಜಾರು ಮಾಡ್ಬೇಡ” ಎಂದರು.

“ಅಣ್ಣ ಹೇಳ್ತಾನಲ್ಲ ಮಾರಾಯ್ತಿ” ಎಂದು ಇವರೂ ಬ್ಯಾಗ್ ಎತ್ತಿಕೊಂಡರು.

ಮದುವೆಯಾದಂದಿನಿಂದ ನಾನು ಬಡಿಸಿದ್ದನ್ನು ಉಂಡ ಮನುಷ್ಯ. ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು, ಏನೂ ಮಾಡದೆಯೇ.

ಭಾವನ ಮನೆಯಲ್ಲಿ ಇವರು ಮತ್ತೆ ಬಿದ್ದರು. ಈಗ ಆಸ್ಪತ್ರೆಗೆ ಸೇರಿಸಿ, ಊಟ ಕೊಡದೆ, ಶುಗರ್ ತಾನಾಗಿ ಇಳಿಯುವವರೆಗೆ ಕಾದು ರಕ್ತ ತೆಗೆದರು. ಐಸಿನಲ್ಲಿಟ್ಟು ಹೊರದೇಶದ ಲ್ಯಾಬಿಗೆ ಕಳಿಸಿದರು. ಕೂದಲೆಳೆಯಂಥ ನಳಿಗೆಯಲ್ಲಿ ಕರೆಂಟು ಹಾಯಿಸಿ ಹಾರ್ಮೋನುಗಳನ್ನು ಬೇರ್ಪಡಿಸುತ್ತಾರೆ, ಆಮೇಲೆ ಮಾಸ್ ಸ್ಪೆಕ್ಟ್ರೋಮೀಟರ್ ಒಂದೊಂದನ್ನೂ ತೂಗಿ ನೋಡುತ್ತದೆ ಎಂದು ಡಾಕ್ಟರ್ ವಿವರಿಸಿದರು. ನನ್ನ ಪೆನ್ನಿನ ಇನ್ಸುಲಿನ್ನಿನ ತೂಕವೇ ಬೇರೆ, ಮನುಷ್ಯನ ಮೈಯಲ್ಲಿ ಹುಟ್ಟುವುದರ ತೂಕವೇ ಬೇರೆ.

ಇವರ ಮೈಯದ್ದೇ ಆಗಿರಲಿ ಎಂದು ಹರಕೆ ಹೊತ್ತೆ. ಹಾಗಾದರೆ ಅದರ ಅರ್ಥವೇನು ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ಇನ್ಸುಲಿನ್ ಇವರದ್ದೇ ಆಗಿತ್ತು. ಸಿ-ಪೆಪ್ಟೈಡ್ ಕೂಡ ಧಾರಾಳವಾಗಿತ್ತು. ಮೊದಲ ಸ್ಯಾಂಪಲ್ಲಿನ ಸಿ-ಪೆಪ್ಟೈಡ್ ದಾರಿಯಲ್ಲಿ ಬಿಸಿಲಿಗೆ ಕೆಟ್ಟಿರಬೇಕು, ಇನ್ಸುಲಿನ್ನಿಗಿಂತ ಅದು ಬೇಗ ಕೆಡುತ್ತದೆ ಎಂದರು ಡಾಕ್ಟರ್. ಒಂದು ಕ್ಷಣ ನನಗೆ ಎಷ್ಟು ಹಗುರವಾಯಿತೆಂದರೆ, ಅವರ ಮುಂದಿನ ಮಾತು ಕಿವಿಗೆ ಬೀಳಲೇ ಇಲ್ಲ. ಅವರು ಇನ್ನೊಮ್ಮೆ ಹೇಳಬೇಕಾಯಿತು. ಸ್ಕ್ಯಾನ್ ಕೂಡ ಬಂದಿತ್ತು.

ಪ್ಯಾಂಕ್ರಿಯಾಸ್‌ನಲ್ಲಿ ಗಡ್ಡೆ, ಇನ್ಸುಲಿನ್ ಸುರಿಸುತ್ತಿರುವುದು ಅದೇ. ಲಿವರ್‌ಗೂ ಹರಡಿದೆ.

ಭಾವ ವಾರ್ಡಿನ ಹೊರಗೆ ಕೈಮುಗಿದು ನಿಂತರು. “ತಪ್ಪಾಯ್ತಮ್ಮ. ಎಂತ ಹೇಳುದು ಗೊತ್ತಾಗುದಿಲ್ಲ” ಎಂದರು. ನಾನು ಹೊತ್ತ ಹರಕೆ ಫಲಿಸಿತ್ತಲ್ಲ.

ಪೂರ್ತಿ ಗುಣವಾಗುವುದಿಲ್ಲ. ಗಡ್ಡೆಯ ಆಟ ತಗ್ಗಿಸುವ ಇಂಜೆಕ್ಷನ್ನನ್ನು ದಿನವೂ ಹೊಟ್ಟೆಗೆ ಹಾಕಬೇಕು. ನರ್ಸ್ ಕಲಿಸಲು ಬಂದಾಗ, “ಅವಳಿಗೆ ಬರ್ತದೆ” ಎಂದು ಇವರೇ ಅಂಗಿ ಎತ್ತಿದರು. ಹೊಟ್ಟೆಯ ಚರ್ಮವನ್ನು ಚಿವುಟಿ ಹಿಡಿದೆ. ಹಾಕಿದೆ.

ಈಗ ಬೀಳುವುದು ಕಡಿಮೆಯಾಗಿದೆ. ಅಷ್ಟಕ್ಕಾದರೂ ದೇವರಿಗೆ ಕೈಮುಗಿಯುತ್ತೇನೆ. ಆ ದಿನಗಳ ಬಗ್ಗೆ ನಾವು ಮಾತಾಡಿಲ್ಲ. ಕ್ಷಮಿಸಿದ್ದೀಯಾ ಎಂದು ಇವರು ಇನ್ನೂ ಕೇಳಿಲ್ಲ. ಕೇಳುವವರೆಗಾದರೂ ಇವರು ಇರಲಿ.