ಗಾಳೆವ್ವನ ಗಡ್ಡದ ಸವತಿ

ಮೆಣಸಗಿಯಲ್ಲಿ ನಮ್ಮ ಪಕ್ಕದ ಮನೆ ಗಾಳೆವ್ವನದು. ಕೂಲಿ ಮಾಡಿ ಬೆನ್ನು ಬಗ್ಗಿದೆ, ಬಾಯಿ ಬಗ್ಗಿಲ್ಲ. ಎರಡನೇ ಹೆಂಡತಿಯಾಗಿ ಬಂದವಳು ತೀರಿಹೋದ ಸವತಿಯ ಮುಖವಿರುವ ಬೆಳ್ಳಿ ಬಿಲ್ಲೆಯನ್ನು ಕೊರಳಿಗೆ ಕಟ್ಟಿಕೊಳ್ಳುವುದು ನಮ್ಮ ಕಡೆಯ ರೂಢಿ. ಗಂಡ ಲಕ್ಷ್ಮಪ್ಪ ಮದುವೆಯ ದಿನ ಕೊಟ್ಟ ಬಿಲ್ಲೆಗೆ ಆಕೆ ನಲವತ್ತು ವರ್ಷ ಮೊದಲ ತುತ್ತು ತೋರಿಸಿಯೇ ಉಂಡಳು. ಸಿಟ್ಟು ಬಂದರೆ ಅದನ್ನೇ ಎತ್ತಿ ಹಿಡಿದು, "ಅಕ್ಕಾ, ನೋಡಿದ್ಯಾ ನಿನ್ನ ಗಂಡನ ಆಟಾ?" ಎನ್ನುತ್ತಿದ್ದಳು. ಬಿಲ್ಲೆಯ ಮುಖಕ್ಕೆ ತಲೆಯ ಮೇಲೆ ಮುಳ್ಳುಮುಳ್ಳು ಏನೆಂದು ಕೇಳಿದರೆ ಲಕ್ಷ್ಮಪ್ಪ, "ಮದುವಿ ಬಾಸಿಂಗ" ಎಂದು ಬಾಯಿ ಮುಚ್ಚಿಸುತ್ತಿದ್ದ.

ಹೋದ ದೀಪಾವಳಿಗೆ ಧಾರವಾಡದಲ್ಲಿ ಇತಿಹಾಸ ಓದುವ ಮೊಮ್ಮಗಳು ಗೌತಮಿ ಬಂದಳು. ಬಿಲ್ಲೆಯ ಫೋಟೊ ತೆಗೆದು ತನ್ನ ಸರ್‌ಗೆ ಕಳಿಸಿದಳು. ಉತ್ತರ ಬಂದ ಕೂಡಲೇ ಅಜ್ಜಿಗೆ ಹೇಳಿದಳು.

"ಆಯೀ, ಇದು ಹೆಂಗಸಲ್ಲ. ಗಡ್ಡ ಐತಿ! ರೋಮಿನ ಬಾದಶಾ, ಗ್ಯಾಲಿಯೆನಸ್ ಅಂತ. ತಲಿ ಮ್ಯಾಲಿನ ಮುಳ್ಳು ಅವನ ಕಿರೀಟ. ಸುತ್ತಲೂ ವೈರಿಗಳು, ಖಜಾನ್ಯಾಗ ಬೆಳ್ಳಿ ಇಲ್ಲ. ತಾಮ್ರಕ್ಕ ಬೆಳ್ಳಿ ಬಳದು ನಾಣ್ಯ ಮಾಡ್ಯಾನ."

"ಅದಕ್ಕ ವರ್ಷದಾಗ ಕೆಂಪಾತು!" ಗಾಳೆವ್ವ ಗಂಡನತ್ತ ತಿರುಗಿದಳು.

ಲಕ್ಷ್ಮಪ್ಪ ಒಪ್ಪಿಕೊಂಡ. ಆಗ ಬಿಲ್ಲೆ ಮಾಡಿಸುವ ತಾಕತ್ತಿರಲಿಲ್ಲ; ಹೊಳೆದಂಡೆಯ ಹೊಲದಲ್ಲಿ ಸಿಕ್ಕ ಈ ನಾಣ್ಯಕ್ಕೆ ತೂತು ಹಾಕಿಸಿದ್ದ. "ಬಾದಶಾನ ಹಂಗ ಮಾಡ್ಯಾನಂದ್ರ ನಂದೇನ ಹೇಳ್ತಿ?" ಎಂದ.

ಪರಗಂಡಸು ನಲವತ್ತು ವರ್ಷ ಎದೆಯ ಮೇಲಿದ್ದ ನಾಚಿಕೆ ಒಂದು ಕಡೆಯಾದರೆ, ಗಾಳೆವ್ವನ ನಿಜವಾದ ಸಂಕಟ ಬೇರೆ. "ಹಂಗಾದ್ರ ಅಕ್ಕ ಇಷ್ಟು ವರ್ಷ ಉಪಾಸ ಅದಾಳೇನು?" ಎಂದು ಅತ್ತೇಬಿಟ್ಟಳು. ಅಕ್ಕನ ಮುಖದ ಬಿಲ್ಲೆ ಆಗುವ ತನಕ ತುತ್ತು ಮುಟ್ಟುವುದಿಲ್ಲ ಎಂದು ಕುಳಿತಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಉಣ್ಣುವುದೇ ಇಲ್ಲ ಎಂದರೆ?

ಮರುದಿನ ಇಬ್ಬರನ್ನೂ ರೋಣದ ಪತ್ತಾರ ಕನಕರಾಜನ ಬೆಳ್ಳಿ ಅಂಗಡಿಗೆ ಕರೆದೊಯ್ದೆ. "ಮುಖ ಹ್ಯಾಂಗಿತ್ರಿ? ಫೋಟೊ ಐತೇನ್ರಿ?" ಎಂದು ಅವನು ಕೇಳಿದ. ಮದುವೆಯಾಗಿ ಎಂಟು ತಿಂಗಳಿಗೇ ಹೋದವಳ ಫೋಟೊ ಎಲ್ಲಿಯದು? ಲಕ್ಷ್ಮಪ್ಪ ಕಣ್ಣು ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ. ಕೊನೆಗೆ ಗಾಳೆವ್ವನತ್ತ ಬೆರಳು ಮಾಡಿದ.

"ಇಕೀ ಹಂಗ ಮಾಡ್ರಿ. ನನಗ ಬ್ಯಾರೆ ಮುಖಾನ ನೆನಪಿಲ್ಲ."

"ಏ ಮುದಕಾ! ನನ್ನ ಮುಖದ ಬಿಲ್ಲಿ ಮಾಡಸಾಕ ನಾ ಏನ ಸತ್ತೇನಿ? ಮೂರನೇಕಿ ಯಾರ ಅದಾಳ, ಹೇಳು!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಗಾಳೆವ್ವ ನಗಲಿಲ್ಲ. ಬಿಚ್ಚಿ ಪತ್ತಾರನ ಮುಂದಿಟ್ಟಿದ್ದ ಬಾದಶಹನನ್ನು ಸೆರಗಿನಿಂದ ಒರೆಸಿ ಮತ್ತೆ ಕೊರಳಿಗೆ ಕಟ್ಟಿಕೊಂಡಳು.

"ಗಡ್ಡ ಇದ್ರ ಇರ್ಲಿ. ನಲವತ್ತ ವರ್ಷ ನನ್ನ ಕಷ್ಟಾ ಕೇಳಿದಾಕಿ ಇಕೀನ" ಎಂದು ಎದುರಿನ ಖಾನಾವಳಿಯತ್ತ ಹೊರಟಳು. "ನಡೀರಿ, ಅಕ್ಕಗ ಹಸಿವ್ಯಾಗೇತಿ."