ನಾಲೆ ಸೇತುವೆವರೆಗೆ ಅವರ ಬಂದೂಕು

ನಮ್ಮ ಮನೆಯ ಬಂದೂಕಿನ ಲೈಸೆನ್ಸು ನನ್ನ ಹೆಸರಿನಲ್ಲಿದೆ. ಈ ಮಾತನ್ನು ಈಗ ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಮೊದಲು ಹಾಗಿರಲಿಲ್ಲ. ಪೊಲೀಸರಿಗೆ ಗೊತ್ತಿತ್ತು, ಸರ್ಕಾರಿ ಕಚೇರಿಯವರಿಗೆ ಗೊತ್ತಿತ್ತು, ಊರಿನವರಿಗೆ ಮಾತ್ರ ಗೊತ್ತಿರಲಿಲ್ಲ. ಬೇರೆಯವರ ಮನೆಯ ಗುಟ್ಟು ಊರಿಗೆಲ್ಲ ಗೊತ್ತಿದ್ದು ಪೊಲೀಸರಿಗೆ ಗೊತ್ತಿರುವುದಿಲ್ಲ. ನಮ್ಮದು ಎಲ್ಲದರಲ್ಲೂ ಉಲ್ಟಾ ಸಂಸಾರ.

ನಮ್ಮೂರು ಇರುವುದು ಹೊನ್ನಾಳಿಗೂ ನ್ಯಾಮತಿಗೂ ನಡುವೆ. ನಾಲೆಯ ನೀರು ಇದೆ, ಮೆಕ್ಕೆಜೋಳ ಬೆಳೆಯುತ್ತೇವೆ, ಸ್ವಲ್ಪ ಬಾಳೆ. ಗುಡ್ಡ ಹತ್ತಿರವಾದ್ದರಿಂದ ಕಾಡುಹಂದಿಗಳು ನಮ್ಮನ್ನು ಬೀಗರ ಮನೆ ಅಂದುಕೊಂಡಿವೆ. ಜೋಳ ಹಾಲು ತುಂಬುವ ಹೊತ್ತಿಗೆ ಒಂದು ಹಿಂಡು ನುಗ್ಗಿತೆಂದರೆ ಬೆಳಗ್ಗೆ ಹೊಲ ನೋಡಲು ಆಗುವುದಿಲ್ಲ. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಅದಕ್ಕೇ ಬೆಳೆ ಕಾಯಲೆಂದು ನಮ್ಮ ಮಾವನವರ ತಂದೆಯ ಕಾಲದಿಂದ ಒಂದು ಒಂಟಿ ನಳಿಕೆಯ ಬಂದೂಕು ಇತ್ತು. ಹಂದಿ ಕೊಲ್ಲುವವರ ಪೈಕಿ ಅಲ್ಲ ನಾವು. ಮನೆಯಲ್ಲಿ ಮೊಟ್ಟೆ ಕೂಡ ಒಡೆದವರಿಲ್ಲ. ಗಾಳಿಗೆ ಒಂದು ಗುಂಡು ಹಾರಿಸಿದರೆ ಹಿಂಡು ಓಡುತ್ತದೆ, ಅಷ್ಟೇ ಅದರ ಕೆಲಸ. ಆದರೂ ಊರಿನಲ್ಲಿ ನಮ್ಮದು ಬಂದೂಕಿನ ಮನೆ ಎಂದೇ ಹೆಸರು.

ಮಾವನವರಿಗೆ ವಯಸ್ಸಾಗಿ ಕೈ ನಡುಗಲು ಶುರುವಾದಾಗ ಲೈಸೆನ್ಸನ್ನು ಮನೆಯ ವಾರಸುದಾರರ ಹೆಸರಿಗೆ ಮಾಡಿಸಬೇಕಾಯಿತು. ಇದ್ದ ಒಬ್ಬನೇ ಮಗ ನಮ್ಮೆಜಮಾನರು. ಅವರಿಗೆ ದೀಪಾವಳಿಯ ಪಟಾಕಿಯೇ ಆಗುವುದಿಲ್ಲ. ಹೊಲದಲ್ಲಿ ಒಂದು ಸಲ ಹಾರಿಸಿ ನೋಡು ಅಂತ ಮಾವನವರು ಕೊಟ್ಟರೆ, ಕಣ್ಣು ಮುಚ್ಚಿ, ಮುಖ ಆಚೆ ತಿರುಗಿಸಿ ಕುದುರೆ ಒತ್ತಿದರು. ಆಮೇಲೆ ನೋಡಿದರೆ ಬಂದೂಕು ಒಂದು ಕಡೆ, ಇವರು ಒಂದು ಕಡೆ. ಬುತ್ತಿ ತಂದಿದ್ದ ನಾನು ನಗು ತಡೆಯಲಾರದೆ ಬದುವಿನ ಮೇಲೆ ಕೂತುಬಿಟ್ಟೆ. ಮಾವನವರು ನನ್ನತ್ತ ತಿರುಗಿ, "ನಗೋದು ಸುಲಭ ಐತವ್ವ, ಬಾ, ನೀನ್ ಹೊಡಿ ನೋಡಾನ," ಅಂದರು.

ನನ್ನ ತವರು ಜಗಳೂರು ಕಡೆಯ ಬಿಳಿಚೋಡು. ಅಲ್ಲಿ ನೀರಿಲ್ಲ, ಆದರೆ ಹೆಣ್ಣುಮಕ್ಕಳಿಗೆ ಗುರಿ ಇದೆ. ಚಿಕ್ಕಂದಿನಲ್ಲಿ ಕುರಿ ಕಾಯುವಾಗ, ಶೇಂಗಾ ಹೊಲ ಕಾಯುವಾಗ ಕವಣೆ ಬೀಸಿ ಬೀಸಿ ನನ್ನ ಭುಜ ಗಟ್ಟಿಯಾಗಿತ್ತು. ಬಂದೂಕು ಒದೆಯಿತು, ನಾನು ಅಲುಗಲಿಲ್ಲ. ಬೇಲಿಯ ಮೇಲಿಟ್ಟಿದ್ದ ತೆಂಗಿನ ಚಿಪ್ಪು ಹಾರಿಹೋಯಿತು. ಮಾವನವರು ಬಂದೂಕು ಎತ್ತಿಕೊಂಡು ಮನೆಗೆ ನಡೆದರು. ಊಟಕ್ಕೆ ಕೂತಾಗ, ಸೊಸೆಯ ಹೆಸರಿಗೇ ಅರ್ಜಿ ಹಾಕುತ್ತೇನೆ ಅಂದರು. ನಮ್ಮೆಜಮಾನರು ತಟ್ಟೆಯಿಂದ ತಲೆ ಎತ್ತದೆ, "ಆಗ್ಲಿ, ಆದ್ರೆ ಊರಾಗೆ ಗೊತ್ತಾಗೋದ್ ಬ್ಯಾಡ," ಅಂದರು.

ವಿಚಾರಣೆಗೆ ಬಂದ ಪೊಲೀಸರ ಮುಂದೆ ಸಹಿ ಹಾಕಿದ ಇಬ್ಬರು ಹಿರಿಯರೂ ಮಾವನವರ ಗೆಳೆಯರು. ಹೇಳಬೇಡಿ ಅಂದರೆ ಹೆಂಡತಿಗೂ ಹೇಳದ ಜಾತಿ. ಹೀಗೆ ಗುಟ್ಟು ಉಳಿಯಿತು. ರಾತ್ರಿ ಹೊಲದಲ್ಲಿ ಢಂ ಎಂದು ಸದ್ದಾಗುವುದು ನನ್ನ ಕೈಯಿಂದ. ಬೆಳಗ್ಗೆ ಹೋಟೆಲಿನಲ್ಲಿ "ರಾತ್ರಿ ಒಂದೇ ಏಟಿಗೆ ಓಡಿಸಿದ್ರಲ್ರೀ!" ಎಂದು ಹೊಗಳಿಸಿಕೊಂಡು ಮೀಸೆ ತಿರುವಿ ಬರುವವರು ಇವರು. ನನಗೆ ಮೈ ಉರಿಯುತ್ತಿತ್ತು. ಹೊಗಳಿಕೆ ತಿಂದು ಬಂದವರಿಗೆ ರೊಟ್ಟಿ ಯಾಕೆ ಅಂತ ಕೇಳುತ್ತಿದ್ದೆ. ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಕೆಟ್ಟ ಮನುಷ್ಯರಲ್ಲ. ಎರಡು ತಲೆಮಾರು ಗಂಡಸರ ಹೆಗಲ ಮೇಲಿದ್ದದ್ದು ತನ್ನ ಕಾಲಕ್ಕೆ ಹೆಂಡತಿಯ ಹೆಗಲಿಗೆ ಹೋಯಿತೆಂದು ಊರವರು ಆಡಿಕೊಂಡಾರು ಅನ್ನುವ ಒಂದೇ ಹೆದರಿಕೆ ಅವರಿಗೆ.

ಬಂದೂಕು ಊರಾಚೆ ಹೋಗುವ ಸಂದರ್ಭಗಳು ಕಡಿಮೆ. ದುರಸ್ತಿ, ನವೀಕರಣ, ಮತ್ತೆ ಚುನಾವಣೆ. ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಬಾಣಂತನಕ್ಕೆ ತವರಿಗೆ ಕಳಿಸಿದ ಹಾಗೆ ನಾನು ಒಂದು ಹಳೇ ಕಂಬಳಿಯಲ್ಲಿ ಸುತ್ತಿ ಅದನ್ನು ಕರೆದೊಯ್ಯುತ್ತಿದ್ದೆ. ಇದಕ್ಕೆ ನಮ್ಮಿಬ್ಬರ ನಡುವೆ ಒಂದು ಪದ್ಧತಿ ಬೆಳೆದಿತ್ತು. ಬೈಕು ಓಡಿಸುವವರು ಅವರು, ಹಿಂದೆ ಕೂರುವವಳು ನಾನು. ಊರ ಬೀದಿಯಲ್ಲಿ ಬಂದೂಕು ಅವರ ಹೆಗಲಿಗೆ. ಊರು ದಾಟಿ ನಾಲೆಯ ಸೇತುವೆ ಬಂದ ಕೂಡಲೇ ಗಾಡಿ ನಿಲ್ಲಿಸಿ, ಯಾರೂ ಇಲ್ಲವೆಂದು ನೋಡಿಕೊಂಡು ನನ್ನ ಹೆಗಲಿಗೆ. ಬರುವಾಗ ಅದೇ ಸೇತುವೆಯಲ್ಲಿ ಮತ್ತೆ ಅದಲುಬದಲು. ಲೈಸೆನ್ಸು ನನ್ನದಾದ್ದರಿಂದ ಪೊಲೀಸರು ತಡೆದಾಗ ಬಂದೂಕು ನನ್ನ ಮೈಮೇಲೆಯೇ ಇರಬೇಕೆಂದು ನಾವು ನಂಬಿದ್ದೆವು.

ತಡೆದಾಗ ಏನು ಮಾಡಬೇಕೆಂಬುದನ್ನು ಮಾವನವರು ಪಾಠದ ಹಾಗೆ ಹೇಳಿಕೊಟ್ಟಿದ್ದರು. ಗಾಡಿ ಆರಿಸು. ಕೈ ಕಾಣುವ ಹಾಗೆ ಇಡು. ಅವರು ಕಂಬಳಿ ಮುಟ್ಟುವ ಮೊದಲು ನೀನೇ ಹೇಳು: ಬಂದೂಕು ಐತೆ, ಲೈಸೆನ್ಸ್ ಐತೆ, ಗುಂಡು ತುಂಬಿಲ್ಲ. ಬಾಯಿ ಬಿಡುವ ಮೊದಲು ಕೈ ಚೀಲಕ್ಕೆ ಹೋಗಬಾರದು. ಪೊಲೀಸರಿಗೂ ಹೆಂಡತಿ ಮಕ್ಕಳಿರುತ್ತಾರೆ, ಅವರಿಗೂ ಹೆದರಿಕೆ ಇರುತ್ತದೆ ಅನ್ನುತ್ತಿದ್ದರು. ಆ ಮಾತು ಎಷ್ಟು ನಿಜವೆಂದು ಆಮೇಲೆ ಗೊತ್ತಾಯಿತು.

ಒಮ್ಮೆ ದುರಸ್ತಿಗೆಂದು ದಾವಣಗೆರೆಗೆ ಹೊರಟಿದ್ದೆವು. ಚನ್ನಗಿರಿಯಲ್ಲಿ ಬೇರೇನೋ ಕೆಲಸವಿದ್ದು ಸೂಳೆಕೆರೆಯ ದಾರಿ ಹಿಡಿದಿದ್ದೆವು. ಏರಿಯ ಹತ್ತಿರ ಹೆಲ್ಮೆಟ್ಟು ನೋಡುತ್ತಿದ್ದ ಪೊಲೀಸಪ್ಪ ಕೈ ಅಡ್ಡ ಹಾಕಿದ. ನಾನು ಪಾಠ ಒಪ್ಪಿಸಿದೆ. ಆತ ನನ್ನನ್ನು ದಾಟಿ ಇವರನ್ನು ನೋಡಿ, "ಎಲ್ಲಿಗ್ರೀ ಯಜಮಾನ್ರೆ ತಗೊಂಡ್ ಹೊಂಟೀರಿ?" ಅಂದ. ನಾನು ಹೇಳಿದೆ. "ಎಷ್ಟು ವರ್ಷದಿಂದ ಐತೆ ಯಜಮಾನ್ರೆ?" ಮತ್ತೆ ನಾನೇ ಹೇಳಿದೆ. ನಮ್ಮೆಜಮಾನರು ಕೆರೆಯ ನೀರು ನೋಡುತ್ತಿದ್ದರು. ಕೊನೆಗೆ ಲೈಸೆನ್ಸಿನ ಫೋಟೋ ನೋಡಿ ಆತ ಕಂಬಳಿ ಬಿಚ್ಚಿಸಿದ. ಆಯುಧ ಪೂಜೆಯಲ್ಲಿ ನಾನು ನಳಿಕೆಗೆ ಬಳಿದಿದ್ದ ವಿಭೂತಿ ಹಾಗೇ ಇತ್ತು, ಮೂರು ಪಟ್ಟೆ, ನಡುವೆ ಕುಂಕುಮ. ಮುಟ್ಟಲು ಚಾಚಿದ ಕೈಯನ್ನು ಆತ ಹಿಂದಕ್ಕೆ ಎಳೆದುಕೊಂಡ. ಆಮೇಲೆ ಎರಡು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ಹೋಗ್ ಬರ್ರಿ ತಾಯಿ," ಅಂದ. ಆ ದಿನ ದಾರಿಯುದ್ದಕ್ಕೂ ನನ್ನ ಮೂಗು ಆಕಾಶದಲ್ಲಿತ್ತು.

ಹೊನ್ನಾಳಿ ಠಾಣೆಯಲ್ಲಂತೂ ನನಗೆ ಕುರ್ಚಿ ಹಾಕುತ್ತಾರೆ. ಬಂದೂಕು ಒಪ್ಪಿಸಲು ಬಂದ ಗಂಡಸರೆಲ್ಲ ಕಟ್ಟೆಯ ಮೇಲೆ ಕೂತಿರುತ್ತಾರೆ, ನಾನು ಫ್ಯಾನಿನ ಕೆಳಗೆ. ನಮ್ಮೆಜಮಾನರು ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಾ, ನಮ್ಮೂರಿನವರು ಯಾರಾದರೂ ಆ ಕಡೆ ಬರುತ್ತಾರೇನೋ ಎಂದು ಕಾವಲು. ಸಂಸಾರ ಸುಖವಾಗಿಯೇ ಇತ್ತು.

ಹೋದ ಸಲದ ಚುನಾವಣೆಯಲ್ಲಿ ಪದ್ಧತಿ ಕೈಕೊಟ್ಟಿತು. ಬೇಸಿಗೆ ಜೋಳ ತೆನೆ ಕಟ್ಟುತ್ತಿತ್ತು, ಹಂದಿಗಳ ಕಾಟ ಜೋರಾಗಿತ್ತು. ಒಪ್ಪಿಸಲು ಕೊಟ್ಟ ಕೊನೆಯ ದಿನದವರೆಗೂ ಬಂದೂಕು ಮನೆಯಲ್ಲೇ ಇಟ್ಟುಕೊಂಡು, ಆ ದಿನ ಬೆಳಗ್ಗೆಯೇ ಹೊರಟೆವು. ಬಂದೂಕು ಅವರ ಹೆಗಲ ಮೇಲೆ. ತಿರುವಿನಲ್ಲಿ ತಿರುಗಿದರೆ, ಅದಲುಬದಲು ಮಾಡಿಕೊಳ್ಳುವ ಸೇತುವೆಯ ಮೇಲೆಯೇ ಚೆಕ್‌ಪೋಸ್ಟು! ಶಾಮಿಯಾನ, ಬ್ಯಾರಿಕೇಡು, ಪೊಲೀಸರು, ಎಲ್ಲವನ್ನೂ ಚಿತ್ರ ಹಿಡಿಯುವ ಒಬ್ಬ ಕ್ಯಾಮೆರಾದವನು. ನಮಗಿಂತ ಮುಂದೆ ನಮ್ಮೂರಿನದೇ ಮದುವೆ ದಿಬ್ಬಣದ ಟ್ರ್ಯಾಕ್ಟರು ನಿಂತಿತ್ತು. ಚೀಲ, ಬುಟ್ಟಿಗಳನ್ನೆಲ್ಲ ತೆಗೆಸಿ ನೋಡುತ್ತಿದ್ದರು. ಟ್ರೇಲರಿನ ತುಂಬ ಪರಿಚಯದ ಮುಖಗಳು. ಹೋಟೆಲಿನಲ್ಲಿ ಇವರನ್ನು ದಿನಾ ಹೊಗಳುವ ಇವರ ದೊಡ್ಡಪ್ಪನ ಮಗ ಎಲ್ಲರಿಗಿಂತ ಮುಂದೆ, ಪೇಟ ಸುತ್ತಿಕೊಂಡು ನಿಂತಿದ್ದ.

"ಹೆಗಲ ಮ್ಯಾಲೆ ಏನ್ರೀ ಅದು?" ಎಂದು ಪೊಲೀಸ್ ಜಮಾದಾರರು ಕೇಳಿದರು. ನರೆತ ಮೀಸೆ, ಬಿಸಿಲಿಗೆ ಕಂದಿದ ಮುಖ. ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಟ್ರ್ಯಾಕ್ಟರಿನ ಕಡೆ ಒಮ್ಮೆ ನೋಡಿ, ಎದೆ ಮುಂದೆ ಮಾಡಿ, "ಬಂದೂಕು ಐತೆ ಸಾರ್, ನನ್ನದೇ. ಲೈಸೆನ್ಸೂ ನನ್ನದೇ," ಅಂದುಬಿಟ್ಟರು.

ಕ್ಯಾಮೆರಾದವನು ಹತ್ತಿರ ಬಂದ. ಜಮಾದಾರರು ಲೈಸೆನ್ಸು ಕೇಳಿ ತೆಗೆದುಕೊಂಡರು, ಫೋಟೋ ನೋಡಿದರು, ಇವರನ್ನು ನೋಡಿದರು, ನನ್ನನ್ನು ನೋಡಿದರು. ಬಂದೂಕು ಇಳಿಸಿಕೊಂಡು, ಖಾಲಿ ಇದೆಯೆಂದು ಖಾತ್ರಿ ಮಾಡಿ ಮೇಜಿನ ಮೇಲಿಟ್ಟರು. ಆಮೇಲೆ ನನ್ನನ್ನು ಒಬ್ಬಳನ್ನೇ ಶಾಮಿಯಾನದ ಅಂಚಿಗೆ ಕರೆದರು.

"ಏನಮ್ಮ ಇದು? ಲೈಸೆನ್ಸ್ ನಿಮ್ದು, ಅವರು ನೋಡಿದ್ರೆ ನಂದು ಅಂತಾರೆ. ಅದೂ ಕ್ಯಾಮೆರಾ ಮುಂದೆ."

ಬೀದಿಯಲ್ಲಿ ಅವರು, ಸೇತುವೆಯಿಂದಾಚೆ ನಾನು ಎಂಬ ನಮ್ಮ ಪದ್ಧತಿಯನ್ನು ಪಿಸುದನಿಯಲ್ಲಿ ಹೇಳಿದೆ. ಅವರು ಹಣೆ ಚಚ್ಚಿಕೊಂಡರು.

"ಲೈಸೆನ್ಸಿನವರು ಜೊತೆಗೇ ಇದ್ದು, ಅವರ ಕೆಲಸಕ್ಕೆ ಅಂತ ಇನ್ನೊಬ್ಬರು ಹೊತ್ಕಂಡ್ ಬಂದ್ರೆ ತಪ್ಪೇನಿಲ್ಲಮ್ಮ. ಇಷ್ಟು ವರ್ಷ ಸುಮ್ನೆ ಇಳಿಸಿ ಏರಿಸೀರಿ. ನಂದು ಅಂದಿದ್ದೇ ತೊಡಕು. ಅವರು ಕ್ಯಾಮೆರಾ ಮುಂದೆ ನಿಂತು, ಇದು ನನ್ನ ಹೆಂಡ್ತೀದು ಅಂತ ಎಲ್ರಿಗೂ ಕೇಳಂಗೆ ಹೇಳ್ಲಿ, ಬಿಟ್ಬಿಡ್ತೀನಿ. ಇಲ್ಲಾಂದ್ರೆ ಜಪ್ತಿ ಮಾಡಿ ಕೇಸ್ ಹಾಕ್ಬೇಕಾಗ್ತದೆ. ಲೈಸೆನ್ಸೂ ಹೋಗಬಹುದು."

ನಾನು ತಿರುಗಿ ನೋಡಿದೆ. ನಮ್ಮೆಜಮಾನರು ಬೈಕಿನ ಪಕ್ಕ ಕೈ ಕಟ್ಟಿ ನಿಂತಿದ್ದರು. ಬೆವರುತ್ತಿದ್ದರು. ಟ್ರೇಲರಿನವರೆಲ್ಲ ಮದುವೆ ಮರೆತು ಅವರನ್ನೇ ನೋಡುತ್ತಿದ್ದರು. ಬಂದೂಕು ನನಗೆ ಪ್ರಾಣ. ಅದನ್ನು ಹಿಡಿದು ಹೊಲದಲ್ಲಿ ನಿಂತಾಗ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ, ಬಿಳಿಚೋಡಿನ ಹುಡುಗಿ. ಆದರೆ ಆ ಗಳಿಗೆಯಲ್ಲಿ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

"ಬ್ಯಾಡ ಸಾರ್," ಅಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಬಂದೂಕು ಹೋದ್ರೆ ಹೋಗ್ಲಿ. ಇಟ್ಕಳ್ರಿ. ಅಷ್ಟು ಜನದ ಮುಂದೆ ಅವರ ಬಾಯಾಗೆ ಆ ಮಾತು ಹೇಳಿಸ್ಬ್ಯಾಡ್ರಿ."

ಅದು ಇವರಿಗೆ ಕೇಳಿಸಿತು. ನೆಟ್ಟಗೆ ಶಾಮಿಯಾನದೊಳಗೆ ಬಂದರು. ನನ್ನನ್ನು ನೋಡಲಿಲ್ಲ. ಕ್ಯಾಮೆರಾದವನ ಮುಂದೆ ಹೋಗಿ ನಿಂತು, "ಶುರು ಐತೇನಪ್ಪ?" ಎಂದು ಕೇಳಿದರು. ಅವನು ತಲೆಯಾಡಿಸಿದ.

"ನಾನು ಆಗ್ಲೇ ಹೇಳಿದ್ದು ಸುಳ್ಳು. ಬಂದೂಕು ನನ್ನ ಹೆಂಡ್ತೀದು. ಲೈಸೆನ್ಸು ಅವಳದು, ಹೊಡಿಯೋಳೂ ಅವಳೇ. ನನಗೆ ಅದರ ಸದ್ದು ಕೇಳಿದ್ರೆ ಆಗಂಗಿಲ್ಲ. ಅವಳು ಹೊಲಕ್ಕೆ ಹೋದಾಗ ನಾನು ಕಿವಿಗೆ ಹತ್ತಿ ಇಟ್ಕಂಡು ಮನೆಯಾಗೆ ಕುಂತಿರ್ತೀನಿ."

ಕಿವಿಗೆ ಹತ್ತಿಯ ವಿಷಯ ನನಗೇ ಗೊತ್ತಿರಲಿಲ್ಲ.

ದೊಡ್ಡಪ್ಪನ ಮಗ ಟ್ರೇಲರಿನಿಂದ, "ಹಂಗಾದ್ರೆ ನಾನು ಇಷ್ಟು ದಿನ ಚಹಾ ಕುಡಿಸಿದ್ದು ಯಾರಿಗೋ ಮಾರಾಯ?" ಎಂದು ಕೂಗಿದ. ಟ್ರೇಲರಿಗೆ ಟ್ರೇಲರೇ ನಕ್ಕಿತು. ಇವರೂ ನಕ್ಕರು, ಆದರೆ ಕಿವಿ ಎರಡೂ ಕೆಂಪಾಗಿದ್ದವು. ಹಿಂದೆ ಕೂತಿದ್ದ ಒಬ್ಬ ಅಜ್ಜಿ ಮಾತ್ರ ನಗದೆ, "ನಮ್ಮ ಹೊಲದ ಕಡೀಗೂ ಒಂದ್ಸಲ ಬಾರೆ ತಾಯಿ, ಹಂದಿ ಭಾಳ ಆಗ್ಯಾವೆ," ಎಂದು ನನ್ನನ್ನು ಕರೆದಳು.

ಜಮಾದಾರರು ಲೈಸೆನ್ಸು ಮಡಿಸಿ ನನ್ನ ಕೈಗಿಟ್ಟರು. ಮೇಜಿನ ಮೇಲಿದ್ದ ಬಂದೂಕನ್ನೂ ಎತ್ತಿ ನನ್ನತ್ತಲೇ ಚಾಚಿದರು. ನಾನು ಕಂಬಳಿ ಸುತ್ತಿ ಹೆಗಲಿಗೇರಿಸಲು ಹೊರಟೆ. ನಮ್ಮೆಜಮಾನರು ನಡುವೆ ಕೈ ಹಾಕಿದರು.

"ಕೊಡು ಇಲ್ಲಿ."

"ಬ್ಯಾಡ ರೀ, ಎಲ್ರೂ ನೋಡ್ತಾರೆ."

"ನೋಡ್ಲಿ. ನಿನ್ ಬಂದೂಕು ನಾನು ಹೊರ್ತೀನಿ, ಅದಕ್ಕೇನೀಗ?"

ಈ ಮನೆ ಸೇರಿದ ಮೇಲೆ ಎಷ್ಟೋ ಸಾಮಾನು ತೊಳೆದಿದ್ದೇನೆ, ಒರೆಸಿದ್ದೇನೆ, ಕಾದಿದ್ದೇನೆ. ಅದರಲ್ಲಿ ಒಂದನ್ನು ಯಾರಾದರೂ ನಿನ್ನದು ಅಂದದ್ದು ಅದೇ ಮೊದಲು. ಅವರು ಬಂದೂಕನ್ನು ಹೆಗಲಿಗೇರಿಸಿ, ಬೈಕು ಹತ್ತಿ, ದಿಬ್ಬಣದ ಪಕ್ಕದಲ್ಲೇ ತಲೆ ಎತ್ತಿಕೊಂಡು ಗಾಡಿ ಬಿಟ್ಟರು. ಹೊನ್ನಾಳಿ ಬರುವವರೆಗೂ ನಾನು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ. ದಾರಿಯ ಧೂಳು ಅಂದುಕೊಂಡರೋ ಏನೋ, ಅವರು ಗಾಡಿಯನ್ನು ನಿಧಾನಕ್ಕೆ ಓಡಿಸಿದರು.