ಮನೇಲಿ ಕೇಳಿ ಹೇಳ್ತೀನಿ

ಆಗ ನನಗೆ ಹತ್ತೊಂಬತ್ತು. ಅರವತ್ತೈದು ವರ್ಷ ಆಗಿಹೋಯಿತು. ಮೊನ್ನೆ ಅಟ್ಟದಿಂದ ಒಂದು ಹಳೆಯ ಮಣೆ ಇಳಿಸಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದ್ದೇ ತಡ, ಊದುಬತ್ತಿ ಹಿಟ್ಟಿನ ವಾಸನೆ ಎದ್ದಿತು... ಇದ್ದಿಲ ಪುಡಿ, ಅಂಟು, ಹಸಿ ಬಿದಿರು. ಅದು ಪಕ್ಕದ ಮನೆ ಅಕ್ಕನ ಮಣೆ. ಅವಳ ಬಗ್ಗೆ ಬರೆಯುತ್ತಿದ್ದೇನೆ. ನನ್ನ ಅಕ್ಷರ ಸೊಟ್ಟ. ಓದುವವರು ಓದಿಕೊಳ್ಳಿ.

ನಾವಿದ್ದದ್ದು ಕೆಸರೆಯಲ್ಲಿ. ಮನೆಗೆಲಸ ಮುಗಿಸಿ ನಾಲ್ಕೈದು ಹೆಂಗಸರು ಅಕ್ಕನ ಜಗಲಿಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದೆವು. ಬಿದಿರುಕಡ್ಡಿಗೆ ಹಿಟ್ಟು ಹಚ್ಚಿ ಮಣೆಯ ಮೇಲೆ ಉರುಳಿಸುವುದು. ಕೈ ಆಡುವಷ್ಟೂ ಬಾಯಿ ಆಡುತ್ತಿತ್ತು. ಅಕ್ಕ ದಿನಾ ಕೇಳುತ್ತಿದ್ದದ್ದು ಒಂದೇ. "ಇವತ್ತೇನಮ್ಮ ಸಾರು?"

"ಅವ್ರು ಹುರುಳಿಕಾಳು ಅಂದವ್ರೆ."

"ಅವ್ರದ್ದು ಬುಡು. ನಿಂಗೇನು ಇಷ್ಟ?"

ನಾನು ಇನ್ನೊಂದು ಕಡ್ಡಿಗೆ ಹಿಟ್ಟು ಹಚ್ಚುತ್ತಿದ್ದೆ. ನನ್ನ ಮಾತೆಲ್ಲ ಗಂಡ ಅಂದದ್ದು, ಇಲ್ಲ ಅತ್ತೆ ಅಂದದ್ದು. ಮಾನವಂತ ಹೆಂಗಸರು ಹಾಗೆಯೇ ಮಾತಾಡಬೇಕು ಅಂತ ತಿಳಿದಿದ್ದೆ.

ಆ ವರ್ಷ ಗಂಡ ಮೇಟಗಳ್ಳಿ ಕಡೆ ಕಲ್ಲು ಹೊರುವಾಗ ಬಿದ್ದು ಕಾಲು ಮುರಿದುಕೊಂಡ. ಹೊಸೆಯುವುದೊಂದರಿಂದ ಮನೆ ನಡೆಯುತ್ತಿರಲಿಲ್ಲ. ನನ್ನ ಕೈಗೆ ಹಿಟ್ಟಿನ ಹದ ಚೆನ್ನಾಗಿ ಹತ್ತಿತ್ತು. ಅಕ್ಕ ಅದನ್ನು ನಮ್ಮಿಂದ ಬತ್ತಿ ಕೊಳ್ಳುತ್ತಿದ್ದ ಸಾಹುಕಾರರ ಕಿವಿಗೆ ಹಾಕಿದಳು. ಅವರು ಜಗಲಿಯ ಹತ್ತಿರವೇ ಬಂದು ಕೇಳಿದರು. "ಷೆಡ್ಡಲ್ಲಿ ಹಿಟ್ಟು ಕಲಸೋಕೆ ಒಬ್ರು ಬೇಕು. ನಾಳೆಯಿಂದ ಬರ್ತೀಯೇನಮ್ಮ?"

ನಾನು ಸೆರಗು ಸರಿಮಾಡಿಕೊಂಡು, "ಮನೇಲಿ ಕೇಳಿ ಹೇಳ್ತೀನಿ" ಅಂದೆ.

ಕೇಳುವುದು ಏನಿತ್ತು? ಕೆಲಸ ಸಿಕ್ಕರೆ ಹೋಗು ಅಂತ ಗಂಡ ಎರಡು ಸಲ ಹೇಳಿದ್ದ. ಅಭ್ಯಾಸಕ್ಕೆ ಬಾಯಿ ಅಂದುಬಿಟ್ಟಿತು. ಸಾಹುಕಾರರು ಅತ್ತ ಹೋಗಿ ಸಂಜೆಯೊಳಗೆ ಹೂಟಗಳ್ಳಿಯ ಒಬ್ಬಳನ್ನು ಗೊತ್ತುಮಾಡಿಕೊಂಡರು.

"ಮನೇಲಿ ಯಾರನ್ನ ಕೇಳ್ದೆ? ಉಪ್ಪಿನ ಗಡಿಗೇನಾ?" ಅಂದಳು ಅಕ್ಕ. ಎಲ್ಲರೂ ನಕ್ಕರು. ನನಗೆ ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ. "ಅತ್ರೆ ಹಿಟ್ಟಿಗೆ ನೀರು ಜಾಸ್ತಿಯಾಯ್ತದೆ. ಬತ್ತಿ ಹೊಸೆ" ಅಂದಳು.

ಮಾರನೆಯ ದಿನದಿಂದ ಹೊಸ ಕಾನೂನು ಬಂತು. ನಾನು 'ಅವ್ರು ಅಂದ್ರು' ಅಂದಾಗಲೆಲ್ಲ ಅಕ್ಕ ನನ್ನ ಮುಂದೆ ಹೊಸೆದಿಟ್ಟ ಸಾಲಿನಿಂದ ಒಂದು ಬತ್ತಿ ಎತ್ತಿ ಹಿಟ್ಟನ್ನು ಕೆರೆದು ಹಾಕುವಳು. ಮತ್ತೆ ಹೊಸೆಯಬೇಕು. ಮೊದಲ ದಿನ ಅರ್ಧ ಸಾಲು ಹಾಳಾಯಿತು. ಸಿಟ್ಟಿಗೆದ್ದು, "ನಂಗೆ ಹುರುಳಿ ಸಾರು ಕಂಡ್ರಾಗಲ್ಲ, ಸೊಪ್ಪು ಇಷ್ಟ!" ಅಂತ ಕೂಗಿದೆ. "ಅಂಗೆ ಬಾ" ಅಂದಳು.

ತಿಂಗಳು ಕಳೆಯಿತು. ಹೂಟಗಳ್ಳಿಯವಳು ಕಲಸಿದ ಹಿಟ್ಟು ಒಣಗಿದ ಮೇಲೆ ಉದುರುತ್ತಿತ್ತು. ಅವಳೇ ಬೇಸತ್ತು ಬಿಟ್ಟಳಂತೆ. ಕರೆ ಬರಲಿ ಅಂತ ನಾನು ಕಾಯಲಿಲ್ಲ. ಷೆಡ್ಡಿಗೆ ಹೋಗಿ ನಿಂತೆ.

"ನಾನು ಕಲಸ್ತೀನಿ ಸಾಹುಕಾರ್ರೇ. ಎರಡು ದಿನ ನೋಡಿ. ಉದುರಿದ್ರೆ ಕಳಿಸ್ಬುಡಿ."

"ಮನೇಲಿ ಕೇಳ್ಬಂದ್ಯೇನಮ್ಮ?"

"ಹೇಳ್ಬಂದೆ."

ಒಂದು ಬತ್ತಿಯೂ ಉದುರಲಿಲ್ಲ. ಅಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ. ಆಮೇಲೆ ಯಾರ ಮುಂದೆಯೂ ನನ್ನ ನಾಲಿಗೆ ತಡವರಿಸಲಿಲ್ಲ, ಡಾಕ್ಟರಾಗಲಿ, ಮಗನ ಮೇಷ್ಟರಾಗಲಿ. ಬಾಯಲ್ಲಿ ದಿನಾ ಆಡುವ ಮಾತೇ ತಲೆಯೊಳಗೆ ಹೋಗಿ ಕೂರುತ್ತದೆ. ಇದನ್ನು ನನಗೆ ಯಾವ ಪುಸ್ತಕವೂ ಹೇಳಲಿಲ್ಲ.

ಈಗ ಆ ಜಗಲಿ ಇಲ್ಲ, ಷೆಡ್ಡೂ ಇಲ್ಲ. ಸಾರು ಏನು ಅಂತ ನನ್ನನ್ನು ಕೇಳುವವರೂ ಇಲ್ಲ... ಅಕ್ಕ ಹೋಗಿದ್ದು ನಾನು ಷೆಡ್ಡು ಸೇರಿದ ಆರನೆಯ ವರ್ಷ, ಕೆಮ್ಮಿ ಕೆಮ್ಮಿ. ಮಣ್ಣು ಮಾಡಿ ಬಂದೆವು.

ಮಾರನೆಯ ಬೆಳಿಗ್ಗೆ ಅವಳ ಮಣೆ ಹೊತ್ತುಕೊಂಡು ಷೆಡ್ಡಿಗೆ ಹೋದೆ. ಬತ್ತಿ ಹೊಸೆಯಲು ಹೊಸದಾಗಿ ಸೇರಿದ್ದ ಹುಡುಗಿಯ ಪಕ್ಕ ಕೂತು, "ಇವತ್ತೇನಮ್ಮ ಸಾರು?" ಅಂದೆ. "ನಮ್ಮತ್ತೆ ಅಂದ್ರು..." ಅಂತ ಶುರುಮಾಡಿದಳು. ಅವಳ ಸಾಲಿನಿಂದ ಒಂದು ಬತ್ತಿ ಎತ್ತಿ, ಹಿಟ್ಟು ಕೆರೆದು ಹಾಕಿದೆ.